ಗೌರಕ್ಕನ ಬೀಜದ ಬುರುಡೆ

ದಿವ್ಯಾ, ಕಿರಣ,

ಮಾತಾಡುವುದಕ್ಕೆ ನನಗೆ ಬರುವುದಿಲ್ಲವೆಂದು ನಿಮಗೆ ಗೊತ್ತು. ನಾಲ್ಕು ಜನ ಸೇರಿದ ಕಡೆ ನಾನು ಅಡುಗೆಮನೆಯ ಬಾಗಿಲ ಪಕ್ಕ ನಿಲ್ಲುವವಳು. ದಿವ್ಯಾ, ಹೋದ ತಿಂಗಳು ನಿನ್ನ ಅರಿಶಿನದ ಶಾಸ್ತ್ರದ ದಿನವೂ ಹಾಗೇ ನಿಂತಿದ್ದೆ. ನೀನು ಮಣೆಯಿಂದ ಎದ್ದು ಬಂದು, ಎಲ್ಲರೆದುರಿಗೆ ನನ್ನ ಕೈ ಹಿಡಿದೆಳೆದು, "ಅಜ್ಜಿ, ಮೊದ್ಲು ನೀನು ಹಚ್ಚು" ಎಂದೆ. ಹಚ್ಚಿದೆ. ಆಮೇಲೆ ಒಳಗೆ ಹೋಗಿ ಅಕ್ಕಿ ಡಬ್ಬದ ಮೇಲೆ ಕೂತು ಅಳುತ್ತಿದ್ದಾಗ ಕಿರಣ ಬಂದು ನೋಡಿಬಿಟ್ಟ. ಯಾಕೆ ಅಜ್ಜಿ, ಯಾಕೆ ಅಜ್ಜಿ ಎಂದು ಅವತ್ತಿನಿಂದ ಇಬ್ಬರೂ ಕೇಳುತ್ತಲೇ ಇದ್ದೀರಿ. ಬಾಯಲ್ಲಿ ಹೇಳಲಾರೆ. ನಮ್ಮೂರ ಮೇಷ್ಟ್ರು ಕಲಿಸಿದ ಅಕ್ಷರ ಇನ್ನೂ ಕೈಯಲ್ಲಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಆಗ ದೊಮ್ಮಲೂರು ಹಳ್ಳಿ. ಮೇಲುಸೇತುವೆಯ ಕೆಳಗೆ ನೀವು ಆಟೋಗೆ ಕಾಯುತ್ತೀರಲ್ಲ, ಅಲ್ಲಿ ನಿಂತು ಕಣ್ಣು ಹಾಯಿಸಿದರೆ ಅವರೆ ಹೊಲ, ರಾಗಿ ಹೊಲ, ನಡುನಡುವೆ ಎತ್ತು ಕಟ್ಟಿ ನೀರೆತ್ತುವ ಕಪಿಲೆ ಬಾವಿ, ಬದುವಿನುದ್ದಕ್ಕೂ ಹೊಂಗೆ ಮರ. ನಾನು ಹೇಳುವುದು ಎರಡನೇ ಮಹಾಯುದ್ಧ ಮುಗಿದ ಮರುವರ್ಷದ ಮಾತು. ಮಿಲಿಟರಿ ಲಾರಿಗಳು ಇನ್ನೂ ಧೂಳೆಬ್ಬಿಸಿಕೊಂಡು ಓಡಾಡುತ್ತಿದ್ದವು. ತಲೆಯ ಮೇಲೆ ವಿಮಾನ ಹಾರಿದರೆ ನಮ್ಮ ಎತ್ತುಗಳು ಹಗ್ಗ ಜಗ್ಗುತ್ತಿದ್ದವು. ಬೆಳಗಿನ ಜಾವ ಅಪ್ಪ ಗಾಡಿ ಕಟ್ಟಿಕೊಂಡು ದಂಡಿನ ಮಾರ್ಕೆಟ್ಟಿಗೆ ತರಕಾರಿ ಹಾಕಿಬರಲು ಹೋಗುತ್ತಿದ್ದ. ಕಂಟೋನ್ಮೆಂಟಿಗೆ ನಾವು ದಂಡು ಎನ್ನುತ್ತಿದ್ದೆವು. ಅಪ್ಪನಿಗೆ ಅಲ್ಲಿ ತಮಿಳು, ಸಾಬರ ಮಾತು, ಒಂದೆರಡು ಇಂಗ್ಲಿಷ್ ಎಲ್ಲ ಬೇಕಾಗುತ್ತಿತ್ತು. ಮನೆಗೆ ಬಂದರೆ ಅಪ್ಪನಿಗೆ ಕನ್ನಡದ ಮಾತೂ ಹೆಚ್ಚು ಬೇಕಾಗುತ್ತಿರಲಿಲ್ಲ.

ತೋಟ ಅಜ್ಜಿಯದು. ಅಜ್ಜಿ ಎಂದರೆ ಅಪ್ಪನ ತಾಯಿ. ನಾನು ಹುಟ್ಟುವ ಮುಂಚೆಯೇ ತಾತ ಹೋಗಿದ್ದರು. ಅಜ್ಜಿಯ ಹಣೆ ಬೋಳು, ಕೈ ಬೋಳು. ಆದರೆ ಆ ಕೈ ಒಂದು ಗಳಿಗೆ ಸುಮ್ಮನಿದ್ದದ್ದನ್ನು ನಾನು ನೋಡಿಲ್ಲ. ನಡೆಯುತ್ತ ನಡೆಯುತ್ತ ಕಳೆ ಕೀಳುತ್ತಿತ್ತು, ಮಾತಾಡುತ್ತ ಬಳ್ಳಿ ಕಟ್ಟುತ್ತಿತ್ತು. ಸಂಜೆ ಮಾರ್ಕೆಟ್ಟಿಗೆ ಕಾಯಿ ಕೊಯ್ಯುವಾಗ ಅಜ್ಜಿ ಪ್ರತಿಯೊಂದು ಸೋರೆಕಾಯಿಗೂ ಹೆಬ್ಬೆರಳ ಉಗುರು ಊರಿ ನೋಡುವಳು. ಉಗುರು ಇಳಿದರೆ ಎಳೆಯದು, ಬುಟ್ಟಿಗೆ. ಇಳಿಯದಿದ್ದರೆ ಬಲಿತದ್ದು, ದನಕ್ಕೆ. ಹೆಬ್ಬೆರಳ ಆ ಉಗುರನ್ನು ಅದಕ್ಕಾಗಿಯೇ ಸ್ವಲ್ಪ ಉದ್ದ ಬಿಟ್ಟಿದ್ದಳು.

ನಮ್ಮ ಒಲೆಯ ಮೇಲೆ ಜಂತಿಗೆ ಬೀಜದ ಬುರುಡೆಗಳನ್ನು ತೂಗುಹಾಕಿರುತ್ತಿದ್ದರು. ಬುರುಡೆ ಎಂದರೆ ಒಣಗಿಸಿ ಒಳಗೆ ತೊಳೆದ ಸೋರೆಕಾಯಿ. ತಿನ್ನುವ ಜಾತಿಯಲ್ಲ, ಕಹಿ ಜಾತಿಯದು, ಮಡಕೆಯಂತೆ ಗುಂಡಗೆ. ಬೂದಿಯ ಜೊತೆ ಬೀಜ ತುಂಬಿ, ಬಾಯಿಗೆ ಬೆಂಡು ಇಟ್ಟು, ಸಗಣಿ ಸಾರಿಸಿ ಹೊಗೆಯಲ್ಲಿ ತೂಗುಹಾಕಿದರೆ ಹುಳ ಬೀಳದು, ಮುಗ್ಗು ಹಿಡಿಯದು. ಅಲ್ಲಿದ್ದ ಎಲ್ಲಕ್ಕಿಂತ ಹಳೆಯ, ಎಣ್ಣೆ ಹಚ್ಚಿದ ಕಲ್ಲಿನಂತೆ ಕರ್ರಗೆ ಮಿನುಗುತ್ತಿದ್ದ ಬುರುಡೆ ಅಜ್ಜಿಯ ಜೊತೆ ಕೃಷ್ಣರಾಜಪುರದ ಕಡೆಯ ಅವಳ ತವರಿನಿಂದ ಬಂದದ್ದು. ಹೆಣ್ಣುಮಗಳು ಗಂಡನ ಮನೆಗೆ ಹೋಗುವಾಗ ತವರಿನ ತೋಟದ ಬೀಜವನ್ನು ಆ ವರ್ಷ ಬೆಳೆದ ಹೊಸ ಬುರುಡೆಯಲ್ಲಿ ಒಯ್ಯಬೇಕೆಂಬುದು ನಮ್ಮ ಪದ್ಧತಿ. ಹಳೆಯದು ಕೊಡುವಂತಿಲ್ಲ, ಕೊಂಡದ್ದು ಕೊಡುವಂತಿಲ್ಲ. ಆ ಬುರುಡೆಗೆ ಸಂಬಂಧಪಟ್ಟ ಕೆಲಸವನ್ನೆಲ್ಲ ಮುತ್ತೈದೆಯರೋ ಮಕ್ಕಳೋ ಮಾಡಬೇಕು.

ಆ ವರ್ಷ ಶ್ರಾವಣಕ್ಕೆ ಗೌರಕ್ಕನ ಮದುವೆ ಗೊತ್ತಾಗಿತ್ತು. ಗೌರಕ್ಕ ನನ್ನ ಒಬ್ಬಳೇ ಅಕ್ಕ. ಗಂಡು ಹಲಸೂರಿನವರು. ಅಕ್ಕ ಯಾರಿಗೂ ಎದುರು ಮಾತಾಡಿದವಳಲ್ಲ. ಅವಳ ಮನಸ್ಸು ತಿಳಿಯಬೇಕಾದರೆ ಅವಳ ಕೈಯಲ್ಲಿ ಏನಿದೆ ಎಂದು ನೋಡಬೇಕಾಗಿತ್ತು.

ಸಂಕ್ರಾಂತಿ ಕಳೆದು, ಮನೆಯ ಮೂಲೆಮೂಲೆಯಲ್ಲಿ ಅವರೆಕಾಯಿ ಸೊಗಡು ಇನ್ನೂ ಇರುವಾಗಲೇ ಅಜ್ಜಿ ನನ್ನನ್ನು ಕೊಟ್ಟಿಗೆಯ ಹಿಂದಕ್ಕೆ ಕರೆದುಕೊಂಡು ಹೋದಳು. ಗುಣಿ ತೋಡಿಸಿ ಹಳೇ ಗೊಬ್ಬರ ತುಂಬಿಸಿದ್ದಳು. ಹಿಂದಿನ ದಿನ ಅವ್ವ ಸಗಣಿ ನೀರಿನಲ್ಲಿ ನೆನೆಹಾಕಿದ್ದ ಬುರುಡೆ ಸೋರೆಯ ಬೀಜಗಳು ಎಲೆಯ ಮೇಲಿದ್ದವು. ಅಜ್ಜಿ ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು. ಅದನ್ನು ನೋಡಿ ನನಗೆ ನಗು ಬಂತು. ಹಾಗೆ ನಿಂತ ಅಜ್ಜಿ ಬೇರೆ ಯಾರೋ ಇದ್ದಂತಿತ್ತು.

"ಚೂಪು ಕೆಳಕ್ಕೆ ಮಾಡಿ ಊರು. ನಿನ್ನ ಬೆಳ್ಳಿನ ಒಂದು ಗಿಣ್ಣು ಆಳ. ಇನ್ನೂ ಆಳ ಬೇಡ, ಅದ್ಕೂ ಉಸಿರು ಬೇಕು."

ನೀನೇ ಊರಜ್ಜಿ ಎಂದೆ.

"ಇದು ಮದುವೆ ಬಳ್ಳಿ ಕಣೆ ಪುಟ್ಟಿ. ನಾನು ಮುಟ್ಟೋ ಹಂಗಿಲ್ಲ."

ಯಾಕೆ ಎಂದು ಕೇಳಿದ್ದಕ್ಕೆ, "ಅದು ಹಂಗೇ" ಎಂದಳು. ಮಳೆ ಮೇಲಿಂದ ಬೀಳುತ್ತದೆ ಎನ್ನುವಷ್ಟು ಸಾಧಾರಣವಾಗಿ ಅಂದಳು. ನಾನೂ ಹಾಗೇ ಕೇಳಿಕೊಂಡೆ.

ಕೋಳಿ ಕೆದಕದಂತೆ ಮೇಲೆ ಜಾಲಿ ಮುಳ್ಳು ಹೊದಿಸಿದೆವು. ಎಷ್ಟು ಸಲ ಹೋಗಿ ಬಗ್ಗಿ ನೋಡಿದೆನೋ. ಒಂದು ಬೆಳಿಗ್ಗೆ ಮಣ್ಣು ಸಣ್ಣಗೆ ಬಿರುಕು ಬಿಟ್ಟಿತ್ತು. ಬಿರುಕಿನೊಳಗೆ ಹಸಿರು ಕೊರಳೊಂದು ಬಗ್ಗಿಕೊಂಡಿತ್ತು, ತಲೆ ಎತ್ತಲು ಆಗದ ಕೂಸಿನ ಹಾಗೆ. ಸಂಜೆಗೆ ಅದು ನೆಟ್ಟಗೆ ನಿಂತಿತ್ತು. ನಾನು ಊರಿದ ಬೀಜದ ಸಿಪ್ಪೆಯನ್ನೇ ಟೋಪಿಯಂತೆ ತಲೆಯ ಮೇಲೆ ಹೊತ್ತುಕೊಂಡಿತ್ತು! ನಾನು ಕೂಗಿದ ಕೂಗಿಗೆ ಅವ್ವ ಹಾವು ಬಂತೆಂದು ಕೋಲು ಹಿಡಿದು ಓಡಿಬಂದಳು. ನಾನು ಇಟ್ಟದ್ದು ಒಣಗಿದ ಒಂದು ಚಕ್ಕೆ. ಅದು ಕತ್ತಲಲ್ಲಿ ಯಾರನ್ನೂ ಕೇಳದೆ ಮೇಲೆ ಯಾವುದು ಕೆಳಗೆ ಯಾವುದೆಂದು ತಾನೇ ತಿಳಿದುಕೊಂಡು ಬಂದಿತ್ತು. ಈ ವಯಸ್ಸಿನಲ್ಲೂ ನನಗೆ ಅದು ಹೇಗೆಂದು ಅರ್ಥವಾಗಿಲ್ಲ.

ಬಳ್ಳಿ ಕೊಟ್ಟಿಗೆಯ ಹುಲ್ಲಿನ ಸೂರು ಹತ್ತಿತು. ಸೂರಿನ ಅಂಚಿಗೆ ಅಪ್ಪ ಅಡ್ಡ ಗಳ ಕಟ್ಟಿ ಸಣ್ಣ ಚಪ್ಪರ ಹಾಕಿದ. ಮಾವು ಹೂಬಿಟ್ಟು, ಹೊಂಗೆ ಎಳೆ ಚಿಗುರಿ, ಬೇವಿನ ಹೂವಿನ ವಾಸನೆ ಊರೆಲ್ಲ ಹರಡುವ ಹೊತ್ತಿಗೆ, ಯುಗಾದಿಯ ಹೋಳಿಗೆ ತಿಂದ ಕೈ ತೊಳೆದುಕೊಳ್ಳಲು ಹಿತ್ತಿಲಿಗೆ ಬಂದವಳಿಗೆ ಸೂರಿನ ಮೇಲೆ ಬೆಳ್ಳಗೆ ಏನೋ ಕಂಡಿತು. ಸೋರೆ ಹೂ. ಬೇರೆ ಹೂಗಳೆಲ್ಲ ಬೆಳಿಗ್ಗೆ ಅರಳಿದರೆ ಇದು ಹೊತ್ತು ಮುಳುಗುವಾಗ ಅರಳುತ್ತದೆ. ನಾನು ನೋಡುತ್ತಿದ್ದಂತೆಯೇ ಮಡಿಸಿದ ಒದ್ದೆ ಬಟ್ಟೆ ಬಿಚ್ಚಿದ ಹಾಗೆ ಮೊಗ್ಗು ಬಿಚ್ಚಿಕೊಂಡಿತು. ಎಲ್ಲಿದ್ದವೋ ಬೂದುಬಣ್ಣದ ಪತಂಗಗಳು ಬಂದವು.

ಆದರೆ ಕಾಯಿ ನಿಲ್ಲಲಿಲ್ಲ. ಹೆಣ್ಣು ಹೂವಿನ ಕೆಳಗೆ ಪುಟ್ಟ ಹೀಚು ಬರುವುದು, ಹಳದಿಯಾಗಿ ಉದುರುವುದು. ನನ್ನ ಸೋದರತ್ತೆ ಮುನಿಯಮ್ಮತ್ತೆ, ಎಂದರೆ ಅಜ್ಜಿಯ ಮಗಳು, ಎರಡು ಮನೆ ಆಚೆ ಇದ್ದಳು. ಮದುವೆಯ ಶಾಸ್ತ್ರಗಳೆಲ್ಲ ಅವಳ ಉಸ್ತುವಾರಿ. ಬಂದವಳೇ ಯಾರು ಹೀಚಿಗೆ ಬೆಟ್ಟು ಮಾಡಿದಿರಿ ಎಂದು ನನ್ನನ್ನು ನೋಡಿದಳು. ಎಳೆಗಾಯಿಯನ್ನು ತೋರುಬೆರಳಲ್ಲಿ ತೋರಿಸಿದರೆ ಕೊಳೆಯುತ್ತದೆ ಎಂಬುದು ನಮ್ಮ ಕಡೆ ಹಸುಗೂಸಿಗೂ ಗೊತ್ತು. ತೋರಿಸಲೇಬೇಕಾದರೆ ಬೆರಳು ಮಡಚಿ ಮುಷ್ಟಿಯಲ್ಲಿ ತೋರಿಸಬೇಕು. ನಾನು ಮಾಡಿಲ್ಲ ಎಂದರೂ ಕೇಳದೆ ನನ್ನ ಬೆರಳು ನನ್ನಿಂದಲೇ ಕಚ್ಚಿಸಿದಳು.

ಅಜ್ಜಿ ಮಾತ್ರ ಮರುದಿನ ಸಂಜೆ ನನ್ನನ್ನು ಗಳದ ಮೇಲೆ ಹತ್ತಿಸಿದಳು. ಉದ್ದ ತೊಟ್ಟಿನದು ಗಂಡು ಹೂ, ಕೆಳಗೆ ಹೀಚಿರುವುದು ಹೆಣ್ಣು ಹೂ. ಗಂಡು ಹೂ ಕಿತ್ತು, ಎಸಳು ಸರಿಸಿ, ಹೆಣ್ಣು ಹೂವಿನ ನಡುವೆ ಮೆಲ್ಲಗೆ ತಾಕಿಸಬೇಕು. ಕೆಳಗೆ ನಿಂತು, ಕೈ ಬೆನ್ನಿಗೆ ಕಟ್ಟಿ, ಒಂದೊಂದಾಗಿ ಹೇಳಿಕೊಟ್ಟಳು. ಅವಳ ಅವ್ವ ಹೀಗೆ ಮಾಡಿಸುತ್ತಿದ್ದಳಂತೆ. ಇದಕ್ಕೆ ಹೂವಿನ ಮದುವೆ ಎನ್ನುತ್ತಿದ್ದರಂತೆ. ನನ್ನ ಬೆರಳಿಗೆ ಹಳದಿ ಹುಡಿ ಅಂಟಿತು. ಅಜ್ಜಿ ಅದನ್ನು ನೋಡುತ್ತಿದ್ದ ರೀತಿ ಈಗ ನೆನಪಾಗುತ್ತದೆ. ಆಗ ನನಗೆ ಹೂವಿನ ಮೇಲೆ ಕಣ್ಣು.

ಮಾಡಿದ ಮದುವೆಗಳಲ್ಲಿ ಒಂದು ನಿಂತಿತು. ಒಂದೇ ಒಂದು. ಹೀಚು ಮೈತುಂಬ ಬಿಳಿ ನವಿರು ಹೊದ್ದುಕೊಂಡಿತ್ತು, ಆಗತಾನೆ ಹುಟ್ಟಿದ ಹಂದಿಮರಿಯ ಕಿವಿಯಷ್ಟು ಮೆತ್ತಗೆ. ಸೀಬೆಹಣ್ಣಿನಷ್ಟಾದಾಗ ಅಜ್ಜಿ ಜಾಲಿ ಮುಳ್ಳು ತರಲು ಹೇಳಿದಳು.

"ಏನಾದ್ರೂ ಗೀಚು. ಸಿಪ್ಪೆ ಮೇಲೆ ಮಾತ್ರ, ತೆಳ್ಳಗೆ. ಆಮೇಲೆ ನೋಡ್ತಾ ಇರು."

ಗಿಣಿ ಗೀಚಿದೆ. ನನ್ನ ಹೆಬ್ಬೆರಳಷ್ಟು ಗಿಣಿ. ಗೀರಿನಲ್ಲಿ ನೀರಾಡಿತು, ಮರುದಿನ ಒಣಗಿ ಕಂದು ಗೆರೆಯಾಯಿತು. ಗೌರಕ್ಕ ಬಂದು ನೋಡಿ, "ಇದು ಗಿಣಿನಾ, ಕಾವಿಗೆ ಕೂತ ಕೋಳಿನಾ?" ಎಂದಳು. ನನಗೆ ಸಿಟ್ಟು ಬಂತು. ಆದರೆ ನಾಲ್ಕಾರು ದಿನ ಕಳೆಯುವಷ್ಟರಲ್ಲಿ ಸಿಟ್ಟು ಮರೆತೇಹೋಯಿತು. ಗಿಣಿ ಬೆಳೆಯುತ್ತಿತ್ತು. ಕಾಯಿ ಉಬ್ಬಿದಂತೆಲ್ಲ ಅದರ ಜೊತೆ ಗಿಣಿಯ ಹೊಟ್ಟೆ ಉಬ್ಬುತ್ತಿತ್ತು, ಕೊಕ್ಕು ಬಾಗುತ್ತಿತ್ತು, ಬಾಲ ಉದ್ದವಾಗುತ್ತಿತ್ತು. ನಾನು ಗೀಚಿದ್ದು ಒಂದೇ ಸಲ. ಉಳಿದದ್ದನ್ನು ಬರೆಯುತ್ತಿದ್ದವರು ಯಾರು? ಬೆಳಿಗ್ಗೆ ಎದ್ದ ಕೂಡಲೇ ಓಡಿಹೋಗಿ ನೋಡುತ್ತಿದ್ದೆ. ನಿನ್ನೆಗಿಂತ ದೊಡ್ಡದು. ನನ್ನ ಕೈಯಿಂದ ಆದದ್ದು ನನ್ನ ಕೈಬಿಟ್ಟು ತಾನೇ ದೊಡ್ಡದಾಗುತ್ತಿತ್ತು. ಶಾಲೆಯಲ್ಲಿ ಮೇಷ್ಟ್ರು ಸ್ಲೇಟಿನ ಮೇಲೆ ಬರೆಸುತ್ತಿದ್ದ ಅಕ್ಷರಗಳು ಬರೆದಷ್ಟೇ ಇರುತ್ತಿದ್ದವು.

ಗಿಣಿ ಗೀಚಿ ಹೆಚ್ಚು ದಿನ ಆಗಿರಲಿಲ್ಲ, ಕಾಯಿ ಇನ್ನೂ ದೊಡ್ಡವರ ಮುಷ್ಟಿಯಷ್ಟಿತ್ತು. ಹೊತ್ತು ಮುಳುಗುವ ಸಮಯ. ಬೇಲಿಯ ಮೇಲಿನ ತಿನ್ನುವ ಸೋರೆ ಕೊಯ್ಯುತ್ತ ಅಜ್ಜಿ ಬುಟ್ಟಿ ಹಿಡಿದು ಬಂದಳು. ನಾನು ಪಕ್ಕದಲ್ಲೇ ಹೊಂಗೆ ಎಲೆ ಸುರುಳಿ ಸುತ್ತಿ ಪೀಪಿ ಊದುತ್ತಿದ್ದೆ. ಬೇಲಿ ಮುಗಿದಲ್ಲಿಂದ ಚಪ್ಪರ ಶುರು. ಅಜ್ಜಿಗೆ ಯಾವ ಯೋಚನೆಯಿತ್ತೋ. ಬೇಲಿಯ ಕೊನೆಯ ಕಾಯಿ ನೋಡಿದ ಕೈ ಹಾಗೇ ಮುಂದೆ ಬಂದು, ಚಪ್ಪರದಿಂದ ಇಳಿಬಿದ್ದಿದ್ದ ಮದುವೆಯ ಕಾಯಿಯನ್ನು ಹಿಡಿದು, ಹೆಬ್ಬೆರಳ ಉಗುರನ್ನು ಚಕ್ಕನೆ ಊರಿತು.

ನನ್ನ ಪೀಪಿ ನಿಂತಿತು. ಅಜ್ಜಿ ಕೆಂಡ ಮುಟ್ಟಿದವಳಂತೆ ಕೈ ಎಳೆದುಕೊಂಡಳು. ಕಾಯಿಯ ಮೇಲೆ ಗಿಣಿಯ ಪಕ್ಕದಲ್ಲಿ ಬಿದಿಗೆ ಚಂದ್ರನಂಥ ಸಣ್ಣ ಗೀರು. ಅದರಿಂದ ಒಂದು ಹನಿ ನೀರು ಇಳಿಯಿತು. ಅಜ್ಜಿ ಬುಟ್ಟಿಯನ್ನು ಅಲ್ಲೇ ಬಿಟ್ಟು ಹೋಗಿ ಬಾವಿಕಟ್ಟೆಯ ಮೇಲೆ ಕೂತಳು. ಬಲಗೈ ಹೆಬ್ಬೆರಳನ್ನು ಎಡಗೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ನಾನು ಯಾರಿಗೂ ಹೇಳಲ್ಲ ಅಜ್ಜಿ ಎಂದೆ. ಅವಳು ತಲೆಯಾಡಿಸಿ ಎದ್ದು, ನೆಟ್ಟಗೆ ಒಳಗೆ ಹೋಗಿ ಅವ್ವನಿಗೂ ಮುನಿಯಮ್ಮತ್ತೆಗೂ ತಾನೇ ಹೇಳಿದಳು.

ಅತ್ತೆ ಮೊದಲು ನಕ್ಕುಬಿಟ್ಟಳು. "ನಮ್ಮವ್ವನ ಕೈ ಕಂಡಿಲ್ವ? ಕೂಸಿನ ಕೆನ್ನೆಗೂ ಉಗುರು ಊರಿ, ಎಳೇದೋ ಬಲ್ತಿದ್ದೋ ಅಂತ ನೋಡೋಳು." ಆಮೇಲೆ ಅಜ್ಜಿಯ ಮುಖ ನೋಡಿ ಅವಳ ನಗು ಇಳಿಯಿತು. ಅವಳು ಕೆಟ್ಟವಳಲ್ಲ. ಮದುವೆ ಹೆಣ್ಣಿಗೆ ಏನಾದರೂ ಆದರೆ ಎಂಬ ಭಯ ಅವಳಿಗೂ ಇತ್ತು. ಬೀಗರ ಕಡೆಯವರು ಇದೇನು ಗುರುತು ಎಂದು ಕೇಳಿದರೆ ಏನು ಹೇಳುವುದು ಎಂದಳು. ಬೇರೆ ಕಾಯಿ ಕಟ್ಟಿಸೋಣ ಎಂದಳು. ನನ್ನನ್ನು ಮತ್ತೆ ಗಳ ಹತ್ತಿಸಿದರು, ಇನ್ನಷ್ಟು ಹೂಗಳಿಗೆ ಮದುವೆ ಮಾಡಿಸಿದರು. ಒಂದೂ ನಿಲ್ಲಲಿಲ್ಲ. ಆ ಬಳ್ಳಿ ತನ್ನ ಶಕ್ತಿಯನ್ನೆಲ್ಲ ಆ ಒಂದೇ ಕಾಯಿಗೆ ಕೊಡುವ ಹಟ ತೊಟ್ಟಿತ್ತು.

ಗಿಣಿ ಬೆಳೆದಂತೆ ಆ ಗೀರೂ ಬೆಳೆಯಿತು. ನಾನು ಖುಷಿಯಿಂದ ಓಡುತ್ತಿದ್ದ ಚಪ್ಪರದ ಕೆಳಕ್ಕೆ ಅಜ್ಜಿಯೂ ದಿನಾ ಬರುತ್ತಿದ್ದಳು. ದೂರ ನಿಂತು, ಕೈ ಹಿಂದೆ ಕಟ್ಟಿ, ಆ ಗೀರನ್ನೇ ನೋಡುವಳು. ಮೊದಲು ಉಗುರಷ್ಟಿದ್ದದ್ದು, ಆಮೇಲೆ ಹುಣಸೆಬೀಜದಷ್ಟು, ಆಮೇಲೆ ನನ್ನ ಕಿರುಬೆರಳಿನಷ್ಟು. ಅದನ್ನು ಹೆರೆದು ತೆಗೆಯಬಹುದೇ ಎಂದು ಅತ್ತೆ ಕೇಳಿದ್ದಕ್ಕೆ ಅಜ್ಜಿ, "ಕೆರೆದ್ರೆ ಕಾಯೇ ಕೊಳಿತದೆ" ಎಂದಳು. ಅಪ್ಪನನ್ನು ಕರೆದು, "ದಂಡಿಂದ ಒಂದು ಹಿತ್ತಾಳೆ ಬಿಂದಿಗೆ ತಂದ್ಬಿಡಪ್ಪ. ಕೊಂಡದ್ದಾದ್ರೂ ಚಿಂತಿಲ್ಲ, ಬೀಜ ಅದ್ರಲ್ಲೇ ಕೊಡಾನ. ಮಗೀಗೆ ನನ್ನ ಗಾಳಿ ತಾಕೋದು ಬೇಡ" ಎಂದಳು. ಗೌರಕ್ಕ ರಾಗಿ ಬೀಸುತ್ತಿದ್ದಳು. ಬೀಸುವ ಕಲ್ಲು ನಿಂತಿತು, ಮತ್ತೆ ತಿರುಗಿತು.

ಜ್ಯೇಷ್ಠದಲ್ಲಿ ಬಳ್ಳಿ ಒಣಗಿತು. ಕಾಯಿ ಹಸಿರು ಹೋಗಿ ಗೋಧಿಯ ಬಣ್ಣಕ್ಕೆ ತಿರುಗಿತು. ಅದನ್ನು ಕೊಯ್ದು ಒಲೆಯ ಮೇಲೆ ತೂಗುಹಾಕಿದವಳು ಗೌರಕ್ಕ. ಬಿಂದಿಗೆ ಬರುತ್ತದಲ್ಲ, ಇದು ಯಾಕೆ ಎಂದು ಅವ್ವ ಕೇಳಿದಳು. ಇರ್ಲಿ ಬಿಡವ್ವ ಎಂದಳು ಅಕ್ಕ. ಒಂದು ದಿನ ಅದನ್ನು ಇಳಿಸಿ ನನ್ನ ಕಿವಿಯ ಹತ್ತಿರ ಅಲ್ಲಾಡಿಸಿದಳು. ಒಳಗೆ ಗಲಗಲ ಎಂದಿತು. ಎಳೆಯದಾಗಿದ್ದಾಗ ನೀರು ತುಂಬಿ ಕಲ್ಲಿನಷ್ಟು ಭಾರವಾಗಿದ್ದ ಕಾಯಿ ಈಗ ಹಕ್ಕಿಗೂಡಿನಷ್ಟು ಹಗುರ. ಒಳಗೆ ಬೀಜಗಳು ಮಾತಾಡುತ್ತಿದ್ದವು. ಒಂದು ಚಕ್ಕೆ ಊರಿದ್ದಕ್ಕೆ ಹೊಟ್ಟೆ ತುಂಬ ಚಕ್ಕೆಗಳು.

ಕಾಯಿಸಿದ ಚೂರಿಯಿಂದ ಅಕ್ಕ ಬಾಯಿ ಕೊರೆದಳು. ಬೀಜ ತೆಗೆದು ಮೊರದಲ್ಲಿ ಹರವಿದೆವು. ಕಹಿ ಹೋಗಲೆಂದು ನೀರು ತುಂಬಿಸಿಟ್ಟು, ಚೆಲ್ಲಿ, ಮತ್ತೆ ತುಂಬಿಸಿಟ್ಟೆವು. ಬೆಣಚುಕಲ್ಲು, ಮರಳು ಹಾಕಿ ನಾನು ಕುಲುಕಿದೆ. ಆ ಕುಲುಕಾಟ ನನಗೆ ಆಟ, ಮನೆಯವರಿಗೆ ಕಿವಿನೋವು. ಹೊರಗೆ ಹೊಂಗೆ ಎಣ್ಣೆ ಹಚ್ಚಿ ಬಟ್ಟೆಯಿಂದ ಉಜ್ಜಿದಾಗ ಮೈ ಜೇನಿನ ಬಣ್ಣಕ್ಕೆ ಬಂತು. ಅದರ ಮೇಲೆ ಗಿಣಿ ಕಂದು ಗೆರೆಯಲ್ಲಿ ಎದ್ದು ನಿಂತಿತು. ನನ್ನ ಹೆಬ್ಬೆರಳಷ್ಟು ಇದ್ದದ್ದು ಈಗ ಅಕ್ಕನ ಅಂಗೈ ತುಂಬುವಷ್ಟು. ಅದರ ಕೊಕ್ಕಿನ ಮುಂದೆ ಅಜ್ಜಿಯ ಚಂದ್ರ.

ಕತ್ತಾಳೆ ನಾರು ಹೊಸೆದು ಅಕ್ಕ ತೂಗುಹಾಕುವ ನೆಲುವು ಹೆಣೆಯಲು ಕೂತಳು. ಯುದ್ಧ ಮುಗಿದ ಮೇಲೆ ಶಿವಾಜಿನಗರದ ಗುಜರಿಯಲ್ಲಿ ಸೋಲ್ಜರುಗಳ ಹಳೇ ಸ್ವೆಟರುಗಳು ರಾಶಿ ಬೀಳುತ್ತಿದ್ದವು. ಅಪ್ಪ ತಂದಿದ್ದ ಕೆಂಪು ಸ್ವೆಟರೊಂದನ್ನು ಬಿಚ್ಚಿ ಆ ಉಣ್ಣೆಯಲ್ಲಿ ಕುಚ್ಚು ಕಟ್ಟಿದೆವು. ಯಾವ ದೇಶದ ಯಾವ ತಾಯಿ ಹೆಣೆದದ್ದೋ ಎಂದು ಅವ್ವ ಆ ನೂಲನ್ನು ನೀವುತ್ತಿದ್ದಳು. ಮುನಿಯಮ್ಮತ್ತೆ ನೆಲುವನ್ನು ಕೈಯಲ್ಲಿ ಹಿಡಿದು ನೋಡಿ, ಬಿಂದಿಗೆಗೆ ಇಷ್ಟು ಹೊಟ್ಟೆ ಯಾಕೆ, ಜಾರಿಬೀಳುತ್ತದೆ ಎಂದಳು. ಅಕ್ಕ ತಲೆ ಎತ್ತದೆ ಗಂಟು ಹಾಕುತ್ತಿದ್ದಳು.

ಶ್ರಾವಣ ಬಂತು. ಮದುವೆಯ ಹಿಂದಿನ ದಿನ ಬೀಜ ತುಂಬುವ ಶಾಸ್ತ್ರ. ನಡುಮನೆ ಸಾರಿಸಿ ರಂಗೋಲಿ ಹಾಕಿದ್ದರು. ನಾಲ್ಕೈದು ಮುತ್ತೈದೆಯರು ಬಂದಿದ್ದರು. ಮೊರದಲ್ಲಿ ಬಟ್ಟೆಯ ಗಂಟುಗಳು ಸಾಲಾಗಿದ್ದವು. ಅವರೆ, ಹೀರೆ, ಕುಂಬಳ, ಬದನೆ, ದಂಟು, ಚೆಂಡುಹೂ. ರಂಗೋಲಿಯ ನಡುವೆ ಹೊಸ ಹಿತ್ತಾಳೆ ಬಿಂದಿಗೆ ಫಳಫಳ ಹೊಳೆಯುತ್ತಿತ್ತು. ಅಜ್ಜಿ ಹಿತ್ತಿಲ ಬಾಗಿಲ ಹೊಸ್ತಿಲಾಚೆ ನಿಂತಿದ್ದಳು. ಯಾವ ಬೀಜ ಕೆಳಗೆ, ಯಾವುದು ಮೇಲೆ, ಎಷ್ಟು ಬೂದಿ ಎಂಬುದು ಅಲ್ಲಿದ್ದವರಲ್ಲಿ ಅವಳೊಬ್ಬಳಿಗೇ ಸರಿಯಾಗಿ ಗೊತ್ತಿದ್ದದ್ದು. ಅತ್ತೆ ಮಣೆಯ ಮೇಲೆ ಕೂತು, "ಅವ್ವಾ, ಮೊದ್ಲು ಯಾವ್ದು?" ಎಂದು ಅಲ್ಲಿಂದಲೇ ಕೇಳಿದಳು. ಅಜ್ಜಿ ಹೊಸ್ತಿಲಾಚೆಯಿಂದಲೇ, "ಬೂದಿ ಹಾಕಿ, ಅವರೆ ಇಡು" ಎಂದಳು.

ಆಗ ಗೌರಕ್ಕ ಎದ್ದಳು. ಮದುವಣಗಿತ್ತಿ ಹಾಗೆ ಎದ್ದುಹೋಗಬಾರದು. ಅವಳು ಅಡುಗೆಮನೆಗೆ ಹೋಗಿ, ನೆಲುವಿನ ಸಮೇತ ಬುರುಡೆ ಎತ್ತಿಕೊಂಡು ಬಂದಳು. ಕೆಂಪು ಕುಚ್ಚುಗಳು ಅವಳ ಮೊಣಕಾಲಿಗೆ ತಾಗುತ್ತಿದ್ದವು.

"ನನ್ಗೆ ಇದೇ ಬೇಕು" ಎಂದಳು.

"ಬ್ಯಾಡ ಕಣೆ ಗೌರಿ" ಎಂದಳು ಅತ್ತೆ, ಮೆಲ್ಲಗೆ. "ಅದ್ರ ಮೇಲೆ ಗುರುತೈತೆ."

ಗೌರಕ್ಕ ಅತ್ತೆಯ ಕಡೆ ನೋಡಲಿಲ್ಲ. ಹೊಸ್ತಿಲ ಹತ್ತಿರ ಹೋದಳು. ಅಜ್ಜಿ ಹಿಂದೆ ಸರಿದಳು. ಅಕ್ಕ ಬುರುಡೆಯನ್ನು ಸೊಂಟಕ್ಕೆ ಆನಿಸಿಕೊಂಡು, ಅಜ್ಜಿಯ ಬೆನ್ನ ಹಿಂದೆ ಕಟ್ಟಿದ್ದ ಕೈಯನ್ನು ಬಿಡಿಸಿ ಮುಂದಕ್ಕೆ ಎಳೆದು, ಆ ಹೆಬ್ಬೆರಳನ್ನು ಗೀರಿನ ಮೇಲಿಟ್ಟಳು. ಬೆರಳು ಅದರೊಳಗೆ ಸಣ್ಣದಾಗಿ ಕಾಣುತ್ತಿತ್ತು. ಒಂದು ಕಾಲದಲ್ಲಿ ಆ ಉಗುರಿನಷ್ಟೇ ಇದ್ದ ಗುರುತು.

"ನೀನು ಆಗ್ಲೇ ಮುಟ್ಟಿದ್ದೀಯಲ್ಲ ಅಜ್ಜೀ" ಎಂದಳು ಅಕ್ಕ. "ಕಾಯಿ ಕೊಳೀಲಿಲ್ಲ. ಬೆಳೀತು. ಬಾ, ನೀನೇ ತುಂಬು."

ಅಜ್ಜಿ ಮಗಳ ಮುಖ ನೋಡಿದಳು. ಮುನಿಯಮ್ಮತ್ತೆ ತಲೆ ತಗ್ಗಿಸಿ ಮೊರದ ಗಂಟುಗಳನ್ನು ಆ ಕಡೆ ಈ ಕಡೆ ಸರಿಸುತ್ತಿದ್ದಳು. ಆಮೇಲೆ ಮಣೆಯ ಮೇಲಿಂದ ಸ್ವಲ್ಪ ಪಕ್ಕಕ್ಕೆ ಸರಿದು ಕೂತಳು. ಒಬ್ಬರು ಕೂರುವಷ್ಟು ಜಾಗವಾಯಿತು.

ಅಜ್ಜಿ ಹೊಸ್ತಿಲು ದಾಟಿ ಬಂದು ಕೂತಳು. ಮೊದಲ ಹಿಡಿ ಬೂದಿ ಅರ್ಧ ನೆಲಕ್ಕೆ ಚೆಲ್ಲಿತು. ಎರಡನೆಯದು ಚೆಲ್ಲಲಿಲ್ಲ. ಗಂಟು ಬಿಚ್ಚಿ, ಬೀಜ ಅಂಗೈಯಲ್ಲಿ ಸುರಿದು, ಉಸಿರಿನಿಂದ ಹೊಟ್ಟು ಊದಿ, ಒಂದೊಂದನ್ನೂ ತಡವಿ ಒಳಗೆ ಬಿಡತೊಡಗಿದಳು. ಕೊನೆಗೆ ಆ ಬುರುಡೆಯದೇ ಬೀಜಗಳನ್ನು ಆ ಬುರುಡೆಗೇ ಹಾಕಿದಳು. ಹೊರಗೆ ಬಂದಿದ್ದ ಮಕ್ಕಳು ತಾಯಿಯ ಹೊಟ್ಟೆಗೆ ವಾಪಸು ಹೋದಂತೆ ನನಗೆ ಕಂಡಿತು. ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಸೂರಿನ ಮೇಲೆ ಹೂ ಅರಳಿದ್ದು, ಗಿಣಿ ತಾನೇ ದೊಡ್ಡದಾದದ್ದು, ಎಲ್ಲ ನೋಡಿದ್ದೆ. ಆದರೆ ಅಜ್ಜಿಯ ಮುಖದಲ್ಲಿ ಅವತ್ತು ಅರಳಿದ್ದನ್ನು ಮುಂಚೆ ನೋಡಿರಲಿಲ್ಲ.

ತುಂಬಿ ಮುಗಿಯುತ್ತ ಬಂದಾಗ ಅತ್ತೆ ಬಗ್ಗಿ ಒಳಗೆ ಇಣುಕಿದಳು. "ಬೂದಿ ಕಮ್ಮಿಯಾಯ್ತು ಕಣವ್ವ. ಇನ್ನೊಂದು ಹಿಡಿ ಹಾಕು" ಎಂದಳು. ಅವಳ ಕಣ್ಣೂ ಒದ್ದೆಯಾಗಿತ್ತು. ಬಾಯಿ ಸಾರಿಸಲು ಸಗಣಿಯನ್ನು ಅವಳೇ ಕಲಸಿಕೊಟ್ಟಳು.

ಮರುದಿನ ಬೀಗರ ಕಡೆಯ ಹಿರಿಯ ಹೆಂಗಸೊಬ್ಬಳು ಬುರುಡೆ ತಿರುಗಿಸಿ, "ಗಿಣಿ ಸರಿ, ಅದರ ಮುಂದೆ ಏನಿದು?" ಎಂದಳು. ಗೌರಕ್ಕನೇ ಹೇಳಿದಳು, ನಮ್ಮಜ್ಜಿಯ ಉಗುರೆಂದು. ಆಕೆ ಆ ಗುರುತನ್ನೂ ಮೂಲೆಯಲ್ಲಿ ನಿಂತಿದ್ದ ಅಜ್ಜಿಯನ್ನೂ ಎರಡೆರಡು ಸಲ ನೋಡಿ, "ಅಯ್ಯೋ ಶಿವನೇ, ಇದು ಉಗುರೋ ಕುಡುಗೋಲೋ" ಎಂದಳು. ಮನೆಯೆಲ್ಲ ನಕ್ಕಿತು. ಅಜ್ಜಿಯೂ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಹಲಸೂರಿನಲ್ಲಿ ಗೌರಕ್ಕನ ಒಲೆಯ ಮೇಲೆ ಆ ಬುರುಡೆ ವರ್ಷಾನುಗಟ್ಟಲೆ ತೂಗಾಡಿತು. ಅವಳ ಹಿತ್ತಿಲಲ್ಲಿ ನಮ್ಮ ತೋಟವೇ ಬೆಳೆಯುತ್ತಿತ್ತು. ನನ್ನ ಮದುವೆಯ ಹೊತ್ತಿಗೆ ಅಜ್ಜಿ ಇರಲಿಲ್ಲ, ಕೊಟ್ಟಿಗೆಯ ಹಿಂದಿನ ನೆಲವೂ ನಮ್ಮದಾಗಿ ಉಳಿದಿರಲಿಲ್ಲ. ನನಗೆ ಬಂದದ್ದು ಅದೇ ಹಿತ್ತಾಳೆ ಬಿಂದಿಗೆ, ಖಾಲಿ. ನಿಮ್ಮ ಮನೆಯಲ್ಲಿ ಈಗ ಛತ್ರಿ ನಿಲ್ಲಿಸುತ್ತೀರಲ್ಲ, ಅದು. ಅಕ್ಕನ ಮನೆಗೆ ಗ್ಯಾಸ್ ಒಲೆ ಬಂದ ಮೇಲೆ ಬುರುಡೆಗೆ ಹೊಗೆ ಸಿಗಲಿಲ್ಲ. ಹುಳ ಹಿಡಿಯಿತು. ಒಂದು ದಿನ ಕೈಗೆತ್ತಿಕೊಂಡರೆ ಗಿಣಿ, ಚಂದ್ರ ಎಲ್ಲ ಹುಡಿಯಾಗಿ ಬೆರಳ ಸಂದಿಯಲ್ಲಿ ಉದುರಿಹೋಯಿತಂತೆ. ಹಿತ್ತಿಲಿ‍ನಲ್ಲಿ ಮನೆ ಎದ್ದಿತು. ಬೀಜ ಎಲ್ಲಿ ನಿಂತಿತು ಎಂದು ಅಕ್ಕನಿಗೂ ಗೊತ್ತಾಗಲಿಲ್ಲ. ಕೃಷ್ಣರಾಜಪುರದ ಕಡೆಯಿಂದ ದೊಮ್ಮಲೂರಿಗೆ, ದೊಮ್ಮಲೂರಿಂದ ಹಲಸೂರಿಗೆ, ಹೆಂಗಸರ ಸೊಂಟದ ಮೇಲೆ ನಡೆದುಬಂದದ್ದು ಅಲ್ಲಿಗೆ ನಿಂತುಹೋಯಿತು. ನಿಮ್ಮ ತಾತ ಹೋದಮೇಲೆ ನನ್ನ ಕೈಯೂ ತಾನಾಗಿ ಬೆನ್ನ ಹಿಂದೆ ಹೋಗುವುದನ್ನು ಕಲಿಯಿತು. ಯಾರೂ ಹೇಳಲಿಲ್ಲ. ಅದು ಹಂಗೇ.

ದಿವ್ಯಾ, ನೀನು ಅವತ್ತು ಆ ಕೈ ಬಿಡಿಸಿ ಎಳೆದೆ. ನಿನಗೆ ಗೌರಕ್ಕನನ್ನು ನೋಡಿದ ನೆನಪೂ ಇಲ್ಲ. ಆದರೂ ಎಳೆದೆ. ಎಲ್ಲ ಬೀಜವೂ ಹೋಗಿಲ್ಲ ಎಂದು ಅಳು ಬಂತು, ಮತ್ತೇನಿಲ್ಲ.

ಕೊಡಲು ನನ್ನ ಹತ್ತಿರ ಬುರುಡೆ ಇಲ್ಲ. ಈ ಹಾಳೆಗಳಿವೆ. ನಿಮ್ಮ ಮನೆಗಳಲ್ಲಿ ಹೊಗೆ ಇಲ್ಲ, ಅದಕ್ಕೇ ನಡುನಡುವೆ ಬೇವಿನ ಎಲೆ ಒಣಗಿಸಿ ಇಟ್ಟಿದ್ದೇನೆ. ಹುಳ ಹಿಡಿಯದ ಹಾಗೆ ನೋಡಿಕೊಳ್ಳಿ.